ಬಾಲಮಂದಿರದ ಬಾಗಿಲಲ್ಲಿ ನಿಂತವರಿಗೆ ಒಂದು ಜೊತೆ ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಓದುಗರೊಬ್ಬರು ಬರೆದಿದ್ದರು, ಮಕ್ಕಳನ್ನು ದುಡಿಮೆಗೆ ಕಳಿಸುವ ಹೆತ್ತವರಿಗೆ ಮಗುವನ್ನು ವಾಪಸ್ ಕೊಡಲೇಬಾರದು, ಸರ್ಕಾರ ಮಕ್ಕಳನ್ನು ಇಟ್ಟು ನೋಡಿಕೊಳ್ಳುವ ಬಾಲಮಂದಿರದಲ್ಲೇ ಓದಿ ದೊಡ್ಡವರಾಗಲಿ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಾನು ಅಂಥ ಹೆತ್ತವರಲ್ಲಿ ಒಬ್ಬಳು, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕಲೇಬೇಕು ಅಂದರೆ ನನ್ನ ಗೋಳಿಗೆ ಹಾಕಿ, ಕೊನೆಗೆ ಕೇಳಿರುವುದನ್ನು ಮಾತ್ರ ಉಳಿಸಿ.

ನಾನು ಒಂದು ತಾಲ್ಲೂಕು ಊರಿನಲ್ಲಿ ಬಟ್ಟೆ ಹೊಲಿಯುವವಳು. ಬ್ಲೌಸು, ಸೀರೆಗೆ ಫಾಲ್, ಕುಚ್ಚು, ಇಷ್ಟೇ. ಗಂಡ ಲಗೇಜ್ ಆಟೋ ಓಡಿಸುತ್ತಾರೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಮಗನಿಗೆ ಹತ್ತು ವರ್ಷ. ಮೊಬೈಲಿನಲ್ಲಿ ಪಾಠ ಅಂದರು. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು, ಅದು ಬೆಳಿಗ್ಗೆ ಗಂಡನ ಜೊತೆ ಆಟೋದಲ್ಲಿ ಹೋದರೆ ರಾತ್ರಿಯೇ ಬರುವುದು. ಹುಡುಗ ಬೀದಿಯ ಕೊನೆಯ ಬೈಕ್ ಗ್ಯಾರೇಜಿನಲ್ಲಿ ಹೋಗಿ ಸುಮ್ನೆ ಕೂತಿರುತ್ತಿದ್ದ. ಆಮೇಲೆ ಸ್ಪ್ಯಾನರ್ ಎತ್ತಿಕೊಡುವುದು ಶುರುವಾಯಿತು, ಆಮೇಲೆ ಪಂಕ್ಚರ್ ಹಾಕುವುದು, ಆಮೇಲೆ ಸಂಜೆಗೆ ಐವತ್ತು ರೂಪಾಯಿ. ಮೊದಲ ದಿನ ಆ ಐವತ್ತು ರೂಪಾಯಿ ಬೇಡ ಅಂದೆ. ಎರಡನೇ ದಿನ ಇಸ್ಕೊಂಡೆ. ಶಾಲೆ ಮತ್ತೆ ಶುರುವಾದಾಗ ಅವನು ಹೋಗಲಿಲ್ಲ, ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

2022ರ ಶುರುವಿನಲ್ಲಿ ಒಂದು ದಿನ ಯಾರೋ 1098ಕ್ಕೆ ಫೋನ್ ಮಾಡಿದರು. ಕಾರ್ಮಿಕ ಇಲಾಖೆಯವರು, ಪೊಲೀಸರು, ಮಕ್ಕಳ ಸಹಾಯವಾಣಿಯವರು ಜೀಪಿನಲ್ಲಿ ಬಂದು ಹುಡುಗನನ್ನು ಕರೆದುಕೊಂಡು ಹೋದರು. ನಾನು ಯಾರದೋ ಮದುವೆ ಬ್ಲೌಸಿಗೆ ಕುತ್ತಿಗೆ ಕತ್ತರಿಸುತ್ತಿದ್ದೆ. ಪಕ್ಕದ ಮನೆಯವಳು ಓಡಿಬಂದು ಹೇಳಿದಾಗ ಕತ್ತರಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಬಟ್ಟೆ ಹಾಳಾಯಿತು, ಅದರ ದುಡ್ಡನ್ನೂ ಆಮೇಲೆ ನಾನೇ ಕಟ್ಟಿಕೊಟ್ಟೆ.

ಹೀಗೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ, ಮಗು ಮನೆಗೆ ಹೋಗಬೇಕಾ ಬಾಲಮಂದಿರದಲ್ಲಿರಬೇಕಾ ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಅಂತ ಕಾನೂನಿದೆ. ನನ್ನ ಮಗನನ್ನು ಹಾಗೆಯೇ ಹಾಜರುಪಡಿಸಿದರು. ಆದರೆ ಸಮಿತಿ ಅಂತ ಒಂದು ಇದೆ, ಅದು ಜಿಲ್ಲಾ ಕೇಂದ್ರದಲ್ಲಿದೆ, ಇಂಥ ಕಟ್ಟಡದ ಇಂಥ ರೂಮು ಅಂತ ನನಗೆ ಗೊತ್ತಾಗುವ ಹೊತ್ತಿಗೆ ಮೂರು ದಿನ ಕಳೆದಿತ್ತು. ಮೊದಲು ಸ್ಟೇಷನ್ನಿಗೆ ಹೋದೆ. ಅವರು ಇನ್ನೊಂದು ಕಚೇರಿ ತೋರಿಸಿದರು, ಆ ಕಚೇರಿಯವರು ಮತ್ತೊಂದನ್ನು ತೋರಿಸಿದರು. ಗಂಡ ಎಲ್ಲಿ ಅಂತೀರಾ? ಗ್ಯಾರೇಜ್ ಮಾಲೀಕನ ಮೇಲೆ ಕೇಸ್ ಹಾಕಿದ್ದಾರೆ, ಇನ್ನು ತಂದೆಯನ್ನೂ ಜೈಲಿಗೆ ಹಾಕುತ್ತಾರೆ ಅಂತ ಯಾರೋ ಹೇಳಿದ್ದನ್ನು ನಂಬಿ ಅವರು ಹದಿನೈದು ದಿನ ಅಣ್ಣನ ಮನೆಯಲ್ಲಿ ಅಡಗಿ ಕೂತರು. ಅಷ್ಟರಲ್ಲಿ ಸಮಿತಿಯ ಫೈಲಿನಲ್ಲಿ 'ತಂದೆ ಹಾಜರಾಗಿಲ್ಲ, ಬೇಜವಾಬ್ದಾರಿ' ಅಂತ ಬಿತ್ತು.

ಈಗ ನನಗೆ ಕಾನೂನು ಗೊತ್ತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ, 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲಾ 20,000ದಿಂದ 50,000 ರೂಪಾಯಿ ದಂಡ, ಇಲ್ಲಾ ಎರಡೂ. ಹೆತ್ತವರಿಗೆ ಮೊದಲ ಸಲ ಶಿಕ್ಷೆ ಇಲ್ಲ, ಮತ್ತೆ ಅದೇ ತಪ್ಪು ಮಾಡಿದರೆ 10,000 ರೂಪಾಯಿವರೆಗೆ ದಂಡ. ಇಷ್ಟು ಮಾತನ್ನು ಆವತ್ತು ಒಬ್ಬರು, ಒಬ್ಬರೇ ಒಬ್ಬರು, ನನ್ನ ಗಂಡನಿಗೆ ಹೇಳಿದ್ದರೆ ಅವರು ಓಡಿಹೋಗುತ್ತಿರಲಿಲ್ಲ. ಮಗ 68 ದಿನ ಬಾಲಮಂದಿರದಲ್ಲಿದ್ದ. ಅದರಲ್ಲಿ ಅರ್ಧಕ್ಕರ್ಧ ದಿನ ನಮ್ಮ ಹೆದರಿಕೆಯಿಂದ, ತಿಳಿಯದೆ ಮಾಡಿದ ಎಡವಟ್ಟುಗಳಿಂದ ಹೋದದ್ದು ಅಂತ ಈಗ ಅನ್ನಿಸುತ್ತದೆ.

ಎಡವಟ್ಟು ಅಂದೆನಲ್ಲ, ಕೇಳಿ. ಮೊದಲ ಸಲ ಸಮಿತಿ ಮುಂದೆ ಹೋಗುವಾಗ ಪಂಚಾಯಿತಿ ಮೆಂಬರನ್ನು ಕರೆದುಕೊಂಡು ಹೋದೆ, ದೊಡ್ಡವರು ಬಂದರೆ ಕೆಲಸ ಆಗುತ್ತದೆ ಅಂತ. ಅವರು ಒಳಗೆ ಹೋದವರೇ ಗಟ್ಟಿ ದನಿಯಲ್ಲಿ ಶುರು ಹಚ್ಚಿಕೊಂಡರು. ಸಮಿತಿಯವರ ಮುಖ ಗಂಟಾಯಿತು. ಎರಡನೇ ಸಲ ಒಬ್ಬಳೇ ಹೋಗಿ ಮೇಡಂ ಕಾಲಿಗೆ ಬಿದ್ದು ಅತ್ತೆ. ಮೂರನೇ ಸಲ ಇನ್ನೂ ಘನವಾದ ಕೆಲಸ ಮಾಡಿದೆ. 'ಯಾಕಮ್ಮ ಮಗನನ್ನು ಗ್ಯಾರೇಜಿಗೆ ಕಳಿಸಿದೆ?' ಅಂತ ಕೇಳಿದರು, 'ನಾನು ಕಳಿಸಲಿಲ್ಲ ಮೇಡಂ, ಅವನೇ ಇಷ್ಟಪಟ್ಟು ಹೋಗ್ತಿದ್ದ' ಅಂದೆ. ಅವರು ಏನೂ ಹೇಳಲಿಲ್ಲ. ಬರೆದುಕೊಂಡರು. ಅವರ ಪೆನ್ನಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಸಮಿತಿಯವರನ್ನು ಬಯ್ಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅಲ್ಲಿರುವುದು ಒಬ್ಬ ಅಧ್ಯಕ್ಷರು, ನಾಲ್ಕು ಜನ ಸದಸ್ಯರು. ಅದರಲ್ಲೂ ಒಂದೆರಡು ಕುರ್ಚಿ ಖಾಲಿ ಇದ್ದರೆ ಮೂರೇ ಜನ. ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು ಅಂತ, ಈ ಸಮಿತಿಗೆ ನಿಯಮ ಹಾಕಿರುವ ಬಾಲನ್ಯಾಯ ಕಾಯ್ದೆ ಹೇಳುತ್ತದೆ (ನಮ್ಮಲ್ಲಿ ಎಷ್ಟು ದಿನ ಕೂರುತ್ತಾರೆ ಅನ್ನುವ ವಿಷಯಕ್ಕೆ ನಾನು ಹೋಗುವುದಿಲ್ಲ). ಒಂದೇ ದಿನ ಅವರ ಮುಂದೆ ಓಡಿಬಂದ ಹುಡುಗಿ, ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಮಗು, ಬಾಲ್ಯವಿವಾಹ ತಪ್ಪಿಸಿಕೊಂಡು ಬಂದವಳು, ಕುಡುಕ ಅಪ್ಪನ ಮೂರು ಮಕ್ಕಳು, ಎಲ್ಲರೂ ಸಾಲಾಗಿ ಬರುತ್ತಾರೆ. ಅವರು ಮಗುವಿನ ಕಡೆ ನೋಡಬೇಕು, ನೋಡುತ್ತಾರೆ. ಹೆತ್ತವಳಿಗೆ ಕೂರಿಸಿ ಇದು ಹೀಗೆ, ಅದು ಹಾಗೆ ಅಂತ ಹೇಳುವ ಹೊತ್ತು ಅವರಿಗೆ ಎಲ್ಲಿಂದ ಬರಬೇಕು?

ನನಗೆ ಹೇಳಿದ್ದು ಒಬ್ಬರು ಅಜ್ಜಿ. ಸಮಿತಿ ರೂಮಿನ ಹೊರಗೆ ಒಂದು ಮರದ ಬೆಂಚು ಇದೆ, ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟಿದ್ದಾರೆ, ಇಬ್ಬರಿಗಿಂತ ಜಾಸ್ತಿ ಕೂತರೆ ಅಲ್ಲಾಡುತ್ತದೆ. ಅಜ್ಜಿ ಅಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಅವರ ಮೊಮ್ಮಗಳು ಒಂದು ವರ್ಷದ ಹಿಂದೆ ಅಲ್ಲಿಂದಲೇ ಮನೆಗೆ ವಾಪಸ್ ಬಂದಿದ್ದಳು, ಅವತ್ತು ಫಾಲೋಅಪ್‌ಗೆ ಕರೆದಿದ್ದರು. ನಾನು ಅಳುತ್ತಾ ಹೊರಗೆ ಬಂದಿದ್ದನ್ನು ನೋಡಿ ಹೂವು ಪಕ್ಕಕ್ಕಿಟ್ಟು, 'ಅಳ್ತಾ ಕೂತ್ರೆ ಆಗಲ್ಲ ಕಣವ್ವ. ಒಳಗೆ ಏನಂದೆ, ನನಗೂ ಹೇಳು' ಅಂದರು. ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

'ಅವನೇ ಹೋದ ಅಂದ್ಯಾ? ಹಂಗಾದ್ರೆ ನಾಳೆ ಬಂದ್ಮೇಲೂ ಅವನೇ ಹೋಗ್ತಾನಲ್ಲ, ನೀನೇನ್ ಮಾಡ್ತೀಯ? ಅವರು ಕೇಳೋದು ಹಿಂದಿಂದಲ್ಲ ಕಣೆ, ಮುಂದಿಂದು. ಯಾವ ಶಾಲೆಗೆ ಸೇರಿಸ್ತೀಯ, ಯಾರು ಬಿಟ್ಟುಬರ್ತಾರೆ, ನೀನು ಹೊಲಿಯೋ ಹೊತ್ತಲ್ಲಿ ಅವನು ಎಲ್ಲಿರ್ತಾನೆ, ಅದನ್ನು ಹೇಳು. ತಪ್ಪಾಯ್ತು ಅಂತ ಒಂದ್ಸಲ ಹೇಳು, ಹತ್ತು ಸಲ ಬೇಡ. ಇನ್ನೊಂದ್ಸಲ ಮೆಂಬರ್ ಗಿಂಬರ್ ಕರ್ಕೊಂಡು ಬಂದ್ರೆ ನಾನೇ ನಿನ್ನ ಒಳಗೆ ಬಿಡಲ್ಲ.'

ಇಷ್ಟೇ. ವಕೀಲರಲ್ಲ, ಓದಿದವರಲ್ಲ. ಆದರೆ ಅದೇ ಬಾಗಿಲಿಗೆ ಹನ್ನೊಂದು ಸಲ ಬಂದುಹೋದವರು. ಅವರು ಹೇಳಿದ ಹಾಗೆ ಶಾಲೆಗೆ ಹೋಗಿ ಹೆಡ್‌ಮೇಷ್ಟ್ರ ಹತ್ತಿರ ಮತ್ತೆ ಸೇರಿಸಿಕೊಳ್ಳುತ್ತೇವೆ ಅಂತ ಪತ್ರ ಬರೆಸಿದೆ. ಗಂಡನನ್ನು ಅಣ್ಣನ ಮನೆಯಿಂದ ಎಬ್ಬಿಸಿಕೊಂಡು ಬಂದೆ. ಆಧಾರಿನಲ್ಲಿ ಮಗನ ಹೆಸರು ಒಂದು ಥರ, ಶಾಲೆ ದಾಖಲೆಯಲ್ಲಿ ಇನ್ನೊಂದು ಥರ ಇತ್ತು, ಅದಕ್ಕೆ ಏನು ಮಾಡಬೇಕು ಅನ್ನುವುದನ್ನೂ ಅಜ್ಜಿಯೇ ಹೇಳಿದರು. ಭೇಟಿಯ ದಿನ ಕೊಬ್ಬರಿ ಮಿಠಾಯಿ ಮಾಡಿಕೊಂಡು ಹೋಗಬೇಡ, ಒಳಗೆ ಬಿಡುವುದಿಲ್ಲ, ಮಗು ಡಬ್ಬಿ ನೋಡಿ ಅಳುತ್ತದೆ, ಅದರ ಬದಲು ಮನೆಯ ಸುದ್ದಿ ಹೇಳು ಅಂದರು. ನಾನು ಹೋದಾಗ ಮಗನ ತಲೆ ಸಣ್ಣಗೆ ಕತ್ತರಿಸಿದ್ದರು, ಕಿವಿ ದೊಡ್ಡದಾಗಿ ಕಾಣುತ್ತಿತ್ತು. ಅವನು ಕೇಳಿದ್ದು ಒಂದೇ, 'ಅಮ್ಮಾ, ನನ್ನ ಸೈಕಲ್ಲನ್ನು ಯಾರಿಗಾದ್ರೂ ಕೊಟ್ಟುಬಿಟ್ಯಾ?' ಕೊಟ್ಟಿಲ್ಲ ಅಂದೆ. ಅವತ್ತು ರಾತ್ರಿ ಮನೆಗೆ ಬಂದು ಆ ಸೈಕಲ್ ಒರೆಸಿಟ್ಟೆ.

ಮಗ ಮನೆಗೆ ಬಂದ. ಮೂರು ತಿಂಗಳ ನಂತರ ಫಾಲೋಅಪ್‌ಗೆ ಹೋದಾಗ ಅದೇ ಬೆಂಚಿನ ಮೇಲೆ ಇನ್ನೊಬ್ಬಳು ಅಳುತ್ತಾ ಕೂತಿದ್ದಳು. ಅಜ್ಜಿ ಅವತ್ತು ಇರಲಿಲ್ಲ. ಹಾಗಾಗಿ ನಾನು ಕೂತೆ.

ಆಮೇಲೆ ಇದು ರೂಢಿಯಾಗಿಬಿಟ್ಟಿತು. ವಾರಕ್ಕೆ ಒಂದು ದಿನ, ಹೊಲಿಗೆ ಕಡಿಮೆ ಇದ್ದರೆ ಎರಡು ದಿನ, ಬೆಳಗಿನ ಬಸ್ಸಿಗೆ ಹೋಗಿ ಆ ಬೆಂಚಿನ ಮೇಲೆ ಕೂರುತ್ತೇನೆ. ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜಿನ ಯೋಚನೆಯೂ ಇಲ್ಲ. ನನ್ನ ಜೊತೆ ಈಗ ಇನ್ನಿಬ್ಬರು ತಾಯಂದಿರು, ಒಬ್ಬರು ಅಪ್ಪ ಇದ್ದಾರೆ, ಎಲ್ಲರೂ ಒಂದು ಕಾಲದಲ್ಲಿ ಮಗುವನ್ನು ಬಾಲಮಂದಿರದಲ್ಲಿ ನೋಡಿಬಂದವರೇ. ನಮಗೆ ಹೆಸರಿಲ್ಲ, ಬೋರ್ಡಿಲ್ಲ. ಸಮಾಜಕಾರ್ಯ ಓದುವ ಹುಡುಗಿಯೊಬ್ಬಳು ಅಲ್ಲಿಗೆ ತರಬೇತಿಗೆ ಬಂದಿದ್ದಳು, ಬಾಲನ್ಯಾಯ ಕಾಯ್ದೆಯ ಕನ್ನಡ ಪ್ರತಿಯನ್ನು ಜೆರಾಕ್ಸ್ ಮಾಡಿಸಿ ಕೊಟ್ಟಳು. ಹತ್ತನೇ ಕ್ಲಾಸು ಫೇಲಾದ ನಾನು ಅದನ್ನು ಮೂರು ಸಲ ಓದಿದ್ದೇನೆ.

ನಾವು ಮಾಡುವುದು ಏನು? ದೊಡ್ಡದೇನಲ್ಲ. ಸಮಿತಿ ಅಂದರೆ ಪೊಲೀಸ್ ಸ್ಟೇಷನ್ ಅಲ್ಲ ಅಂತ ಹೇಳುತ್ತೇವೆ. ಮನೆ ನೋಡಲು ಸಮಾಜ ಕಾರ್ಯಕರ್ತರು ಬರುತ್ತಾರೆ, ಆ ವರದಿ 15 ದಿನದಲ್ಲಿ ಮುಗಿಯಬೇಕು, ಸಮಿತಿ ನಾಲ್ಕು ತಿಂಗಳೊಳಗೆ ಕೊನೆಯ ಆದೇಶ ಮಾಡಬೇಕು ಅಂತ ಹೇಳುತ್ತೇವೆ. ಆ ಮನೆ ಭೇಟಿ ಬಗ್ಗೆ ಒಂದು ಮಾತು ಹೇಳಲೇಬೇಕು. ಒಬ್ಬಳು ತಾಯಿ, ಬರುವವರಿಗೆ ಮನೆ ಚೆನ್ನಾಗಿ ಕಾಣಲಿ ಅಂತ ಪಕ್ಕದ ಮನೆಯಿಂದ ಟಿವಿ, ಮಂಚ, ಎರಡು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದಳು. ಕಾರ್ಯಕರ್ತರು ಬಂದು ಕೂತರು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಮಗು, 'ಅದು ನಮ್ಮ ಟಿವಿ' ಅಂತು. ನಗು ಬರುತ್ತದೆ ಅಲ್ವಾ? ಆದರೆ ವರದಿಯಲ್ಲಿ ಅದು 'ತಾಯಿ ಸುಳ್ಳು ಮಾಹಿತಿ ನೀಡಿದ್ದಾರೆ' ಅಂತ ಹೋಯಿತು. ಅವರು ನೋಡುವುದು ಟಿವಿಯನ್ನಲ್ಲ, ಮಗು ಎಲ್ಲಿ ಮಲಗುತ್ತದೆ, ಕುಡಿದು ಬರುವವರು ಯಾರು, ಶಾಲೆ ಎಷ್ಟು ದೂರ, ಇದನ್ನು. ಈಗ ನಾವು ಎಲ್ಲರಿಗೂ ಮೊದಲು ಹೇಳುವುದೇ ಇದು, ಮನೆ ಹೇಗಿದೆಯೋ ಹಾಗೇ ಇರಲಿ, ಗುಡಿಸಿಡಿ ಸಾಕು.

ಇನ್ನೊಬ್ಬರು ತಂದೆ. ಬೇರೆ ಜಿಲ್ಲೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಹೆಂಡತಿ ಇಲ್ಲ, ಒಂಬತ್ತು ವರ್ಷದ ಮಗಳು. ಮೂರು ಸಲ ಬಂದರು, ಮೂರು ಸಲವೂ ಒಳಗೆ ಹೋಗಿ ಎರಡು ನಿಮಿಷಕ್ಕೇ ಹೊರಗೆ ಬಂದುಬಿಟ್ಟರು. ಮಗುವನ್ನು ಕರೆದೊಯ್ಯಲು ತಂದೆಗೆ ಆಸಕ್ತಿ ಇಲ್ಲ ಅಂತ ಎಲ್ಲರೂ ಅಂದುಕೊಂಡರು. ನಾಲ್ಕನೇ ಸಲ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಗುಮಾಸ್ತರು ಹಾಜರಿ ಪುಸ್ತಕ ತಂದು, ದಾರ ಕಟ್ಟಿದ ಪೆನ್ನನ್ನು ಇವರ ಕೈಗೆ ಕೊಟ್ಟರು. ಇವರು 'ಸ್ವಲ್ಪ ಹೊರಗೆ ಹೋಗಿ ಬರ್ತೀನಿ' ಅಂತ ಎದ್ದರು. ಆಗ ಹೊಳೆಯಿತು. ಇವರಿಗೆ ಸಹಿ ಮಾಡಲು ಬರುವುದಿಲ್ಲ! ಮಗಳ ಮುಂದೆ ಹೆಬ್ಬೆಟ್ಟು ಒತ್ತಲು ನಾಚಿಕೆ. ಹೊರಗೆ ಹೋಗಿ, ಅಣ್ಣಾ, ನನ್ನ ಅಮ್ಮನೂ ಹೆಬ್ಬೆಟ್ಟೇ, ಇಲ್ಲಿ ಅರ್ಧ ಜನ ಹೆಬ್ಬೆಟ್ಟೇ, ಬನ್ನಿ ಅಂದೆ. ಬಂದರು. ಒತ್ತಿದರು. ಆವತ್ತು ಮೊದಲ ಸಲ ಸಮಿತಿಯವರಿಗೆ ಅವರ ಬಾಯಿಂದ ಪೂರ್ತಿ ಕಥೆ ಕೇಳಿಸಿತು. ಇದು ಯಾವ ತರಬೇತಿಯಲ್ಲಿ ಹೇಳಿಕೊಡುತ್ತಾರೋ ನನಗೆ ಗೊತ್ತಿಲ್ಲ. ಆ ಪೆನ್ನು ಕೈಗೆ ಬಂದಾಗ ಕೈ ನಡುಗುವುದು ಹೇಗೆ ಅಂತ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ದುಡ್ಡಿನ ವಿಷಯ. ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸಲು ಕಷ್ಟ ಇರುವ ಕುಟುಂಬಕ್ಕೆ ಪ್ರಾಯೋಜಕತ್ವ ಅಂತ ಒಂದು ನೆರವಿದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವರ್ಷದ ಆದಾಯ ಹಳ್ಳಿಯಲ್ಲಾದರೆ 72,000, ಪೇಟೆಯಲ್ಲಾದರೆ 96,000 ದಾಟಿರಬಾರದು. ವಿಧವೆಯರ, ಗಂಡ ಬಿಟ್ಟವರ ಮಕ್ಕಳಿಗೆ, ತಂದೆತಾಯಿ ದೊಡ್ಡ ಕಾಯಿಲೆ ಬಿದ್ದಿರುವ ಮಕ್ಕಳಿಗೆ ಸಿಗುತ್ತದೆ. ಬೆಂಚಿನ ಮೇಲೆ ಕೂತವರಲ್ಲಿ ಇದು ಗೊತ್ತಿದ್ದವರನ್ನು ನಾನು ಇನ್ನೂ ನೋಡಿಲ್ಲ. ಅರ್ಜಿ ಕೊಟ್ಟ ಕೂಡಲೇ ಬರುವುದಿಲ್ಲ, ಕಾಯಬೇಕು, ಓಡಾಡಬೇಕು, ಅದು ಬೇರೆ ಮಾತು. ಆದರೆ ಇದೆ ಅಂತಲಾದರೂ ಗೊತ್ತಿರಬೇಕಲ್ಲ.

ಈಗ ಆ ಓದುಗರ ಸಿಟ್ಟಿಗೆ ಬರುತ್ತೇನೆ. ನಾವು ಎಲ್ಲ ಮಕ್ಕಳನ್ನೂ ಮನೆಗೆ ಕಳಿಸಿ ಅನ್ನುವ ಗುಂಪಲ್ಲ. ಒಂದು ಸಲ ಒಬ್ಬಳು ತಾಯಿ ಬಂದು, ಅಕ್ಕಾ ಒಳಗೆ ಏನು ಹೇಳಿದರೆ ಮಗ ವಾಪಸ್ ಬರುತ್ತಾನೆ ಅದನ್ನು ಹೇಳಿಕೊಡಿ ಅಂದಳು. ಮಾತಾಡಿಸುತ್ತಾ ಹೋದಾಗ ಗೊತ್ತಾಯಿತು, ಮನೆಯಲ್ಲಿರುವವನು ಎರಡನೇ ಗಂಡ, ಹುಡುಗನಿಗೆ ಬೆಲ್ಟಿನಲ್ಲಿ ಹೊಡೆಯುತ್ತಾನೆ, ಇವಳು ಅಡ್ಡ ಬಂದರೆ ಇವಳಿಗೂ ಬೀಳುತ್ತದೆ. ನಾನು ಹೇಳಿಕೊಡುವುದಿಲ್ಲ ಅಂದೆ. ಈಗ ಅವನು ಅಲ್ಲೇ ಇರಲಿ, ನೀನು ಒಂದು ಭೇಟಿಯನ್ನೂ ತಪ್ಪಿಸಬೇಡ, ನಿನ್ನ ದಾರಿ ನೀನು ನೋಡಿಕೋ, ಆಮೇಲೆ ಮಗನನ್ನು ಕರೆದುಕೋ ಅಂದೆ. ನೀನು ಯಾವಳೇ ಹೇಳೋಕೆ ಅಂತ ಎಲ್ಲರ ಮುಂದೆ ಬೈದು ಹೋದಳು. ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ದಿನ ಬಂದಳು, ತವರಿನಲ್ಲಿ ಇದ್ದೀನಿ ಅಂದಳು. ಹುಡುಗ ಇನ್ನೂ ಬಾಲಮಂದಿರದಲ್ಲೇ ಇದ್ದಾನೆ, ಇವಳು ಪ್ರತಿ ಭೇಟಿಗೂ ಹೋಗುತ್ತಾಳೆ. ಆ ಮಾತನ್ನು ಅಧಿಕಾರಿಗಳು ಹೇಳಿದ್ದರೆ ಅವಳು ಅಷ್ಟೂ ಜನರನ್ನು ಶತ್ರು ಅಂದುಕೊಳ್ಳುತ್ತಿದ್ದಳು. ನನ್ನ ಮೇಲೂ ಸಿಟ್ಟು ಬಂತು, ಆದರೆ ನನ್ನ ಮಗನೂ ಅಲ್ಲಿದ್ದ ಅಂತ ಅವಳಿಗೆ ಗೊತ್ತಿತ್ತು.

ನಾರ್ವೆ ದೇಶದಲ್ಲಿ ಬಂಗಾಳಿ ತಾಯಿಯೊಬ್ಬರ ಇಬ್ಬರು ಮಕ್ಕಳನ್ನು 2011ರಲ್ಲಿ ಅಲ್ಲಿನ ಸರ್ಕಾರ ತೆಗೆದುಕೊಂಡು ಹೋದ ಕಥೆ 2023ರಲ್ಲಿ ಸಿನಿಮಾ ಆಗಿ ಬಂತಲ್ಲ, ಆಗ ನಮ್ಮ ಬೀದಿಯವರೆಲ್ಲ ಮೊಬೈಲಿನಲ್ಲಿ ನೋಡಿ ಅತ್ತರು. ಅಯ್ಯೋ ಪಾಪ, ಹೆತ್ತ ಕರುಳು ಅಂದರು. ಅದೇ ಜನ ನನ್ನ ಮಗ ಬಾಲಮಂದಿರದಲ್ಲಿದ್ದಾಗ ನನ್ನ ಹತ್ತಿರ ಬ್ಲೌಸ್ ಹೊಲಿಸುವುದನ್ನು ನಿಲ್ಲಿಸಿದ್ದರು. ಬೇಜಾರಿಗೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಜೆರಾಕ್ಸ್ ಕೊಟ್ಟ ಆ ಹುಡುಗಿಯೇ ಇನ್ನೊಂದು ವಿಷಯ ಹೇಳಿದಳು. ಅಮೆರಿಕದಲ್ಲಿ ಇದು ಈಗ ಒಂದು ಕೆಲಸವೇ ಆಗಿದೆಯಂತೆ. ನ್ಯೂಯಾರ್ಕ್ ನಗರ ಒಂದರಲ್ಲೇ 1990ರ ದಶಕದ ಶುರುವಿನಲ್ಲಿ ಸುಮಾರು 50,000 ಮಕ್ಕಳು ಸರ್ಕಾರದ ಸುಪರ್ದಿಯಲ್ಲಿ, ಬೇರೆಯವರ ಮನೆಗಳಲ್ಲಿ ಇದ್ದರು. ಬಹುಪಾಲು ಬಡವರ ಮಕ್ಕಳು, ಕಪ್ಪು ಜನರ ಮಕ್ಕಳು. ಆಗ ಮಕ್ಕಳನ್ನು ಕಳೆದುಕೊಂಡು ಹೋರಾಡಿ ವಾಪಸ್ ಪಡೆದ ತಾಯಂದಿರೇ ಗುಂಪು ಕಟ್ಟಿಕೊಂಡು ಹೊಸಬರ ಜೊತೆ ನಿಲ್ಲಲು ಶುರು ಮಾಡಿದರು. ಈಗ ಆ ನಗರದಲ್ಲಿ ಹಾಗಿರುವ ಮಕ್ಕಳ ಸಂಖ್ಯೆ 10,000ಕ್ಕಿಂತ ಕಡಿಮೆ. ಅದೆಲ್ಲ ತಾಯಂದಿರಿಂದಲೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ, ಕಾನೂನು ಬದಲಾಯಿತು, ವಕೀಲರು ಸಿಕ್ಕರು, ಎಷ್ಟೋ ಆಯಿತು. ಆದರೆ ಅವರೂ ಇದ್ದರು. ಐಯೋವಾ ಅನ್ನುವ ರಾಜ್ಯದಲ್ಲಂತೂ ಇಂಥ ಹೆತ್ತವರಿಗೆ ತರಬೇತಿ ಕೊಟ್ಟು, ದುಡ್ಡು ಕೊಟ್ಟು, ಹೊಸ ಕುಟುಂಬದ ಜೊತೆ ಹಾಕುತ್ತಾರೆ. ಪೇರೆಂಟ್ ಪಾರ್ಟ್ನರ್ ಅಂತ ಕರೆಯುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ ಕೋರ್ಟಿಗೆ ಮೊದಲ ಸಲ ಬರುವ ತಂದೆತಾಯಿಗೆ ಇಂಥವರೇ ಪಾಠ ಮಾಡುತ್ತಾರೆ. ಅಲ್ಲಿನದನ್ನು ಹಾಗೇ ತಂದು ಇಲ್ಲಿ ನೆಡಿ ಅಂತ ನಾನು ಹೇಳುವುದಿಲ್ಲ, ಅಲ್ಲಿನ ಗೋಳು ಬೇರೆ, ನಮ್ಮದು ಬೇರೆ. ಆದರೆ ನಮ್ಮ ಹೂವಿನ ಅಜ್ಜಿ ಸಂಬಳ ಇಲ್ಲದೆ ಮಾಡಿದ್ದು ಇದನ್ನೇ ಅಲ್ವಾ?

ದೂರ ಯಾಕೆ, ನಮ್ಮ ಮನೆಯಲ್ಲೇ ನೋಡಿ. ನನ್ನ ಗಂಡನ ಕುಡಿತ ನಾನು ಬೈದಾಗ ಬಿಡಲಿಲ್ಲ, ಡಾಕ್ಟರು ಹೇಳಿದಾಗ ಬಿಡಲಿಲ್ಲ. ಕುಡಿತ ಬಿಟ್ಟವರೇ ಸೇರುವ ಎಎ ಸಭೆಗೆ ಹೋಗಿ, ಮೊದಲು ಅವರಿಗಿಂತ ಜಾಸ್ತಿ ಕುಡಿಯುತ್ತಿದ್ದ ಒಬ್ಬ ಲಾರಿ ಡ್ರೈವರ್ ಹೇಳಿದಾಗ ಬಿಟ್ಟರು. ಎರಡು ಸಲ ಜಾರಿದರು, ಅದನ್ನೂ ಬರೆದುಬಿಡುತ್ತೇನೆ. ಈಗ ಎರಡು ವರ್ಷದ ಮೇಲಾಯಿತು.

ಹಾಗಾದರೆ ನಾನು ಕೇಳುವುದು ಏನು?

ಸಮಿತಿಯಲ್ಲಿ ಕುರ್ಚಿ ಕೇಳುತ್ತಿಲ್ಲ. ಸದಸ್ಯರಾಗಲು ಡಿಗ್ರಿ ಇರಬೇಕು, ಅದರ ಜೊತೆ ಮಕ್ಕಳ ಕ್ಷೇತ್ರದಲ್ಲಿ ಏಳು ವರ್ಷ ಕೆಲಸ ಮಾಡಿರಬೇಕು, ಇಲ್ಲವೇ ವೃತ್ತಿಯಲ್ಲಿರಬೇಕು ಅಂತ ಕಾಯ್ದೆ ಹೇಳುತ್ತದೆ, ಹೇಳಲಿ. ನಮಗೆ ಬೇಕಾದದ್ದು ಹೊರಗಿನ ಬೆಂಚು. ಮಗುವನ್ನು ವಾಪಸ್ ಪಡೆದು ಕನಿಷ್ಠ ಎರಡು ವರ್ಷ ಆದ, ಆ ಮಗು ಚೆನ್ನಾಗಿರುವ, ಪೊಲೀಸ್ ಪರಿಶೀಲನೆ ಆದ ಒಬ್ಬಿಬ್ಬರು ಹೆತ್ತವರನ್ನು ಪ್ರತಿ ಜಿಲ್ಲೆಯಲ್ಲೂ ಗುರುತಿಸಿ, ಹತ್ತು ದಿನ ತರಬೇತಿ ಕೊಟ್ಟು, ಒಂದು ಗುರುತಿನ ಚೀಟಿ ಕೊಡಿ. ಹೊಸದಾಗಿ ಮಗುವನ್ನು ಕಳೆದುಕೊಂಡು ಬಂದ ತಂದೆತಾಯಿಗೆ, ಇವರ ಜೊತೆ ಮಾತಾಡುತ್ತೀರಾ ಅಂತ ಗುಮಾಸ್ತರು ಕೇಳಿದರೆ ಸಾಕು. ಬೇಡ ಅಂದರೆ ಬೇಡ.

ಇದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ ಅಂತ ನನ್ನ ತಿಳಿವಳಿಕೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ಇದ್ದಾರೆ, ವಕೀಲರಲ್ಲದ ಸಾಮಾನ್ಯ ಜನರೇ, ತರಬೇತಿ ಕೊಟ್ಟು ಗೌರವಧನ ಕೊಡುತ್ತಾರೆ. ಜೈಲಿನಲ್ಲಿ ದೀರ್ಘ ಶಿಕ್ಷೆ ಅನುಭವಿಸುತ್ತಿರುವ, ಓದುಬರಹ ಬಲ್ಲ, ನಡತೆ ಚೆನ್ನಾಗಿರುವ ಕೈದಿಗಳನ್ನೂ ಉಳಿದ ಕೈದಿಗಳ ಸಹಾಯಕ್ಕೆ ಹೀಗೆ ನೇಮಿಸಬಹುದು. ಒಳಗಿರುವವನ ಕಷ್ಟ ಒಳಗಿರುವವನಿಗೆ ಗೊತ್ತು ಅಂತ ತಾನೇ ಅದನ್ನು ಮಾಡಿದ್ದು? ಪೋಕ್ಸೊ ಪ್ರಕರಣದ ಮಗುವಿಗೆ ಜೊತೆಗಿರಲು ಸಮಿತಿಯೇ ಬೆಂಬಲ ವ್ಯಕ್ತಿಯನ್ನು ಕೊಡುತ್ತದೆ. ಮಗುವಿಗೆ ಜೊತೆ ಬೇಕು ಅನ್ನುವುದು ಕಾನೂನಿಗೆ ಗೊತ್ತಿದೆ. ಅಮ್ಮನಿಗೂ ಬೇಕಾಗಬಹುದು ಅನ್ನುವುದು ಇನ್ನೂ ಹೊಳೆದಿಲ್ಲ.

ಇವರೆಲ್ಲ ಬ್ರೋಕರ್‌ಗಳಾಗಿಬಿಡುತ್ತಾರೆ ಅಂತ ಒಬ್ಬ ಅಧಿಕಾರಿ ನನ್ನ ಮುಖಕ್ಕೇ ಹೇಳಿದರು. ಸ್ವಾಮಿ, ಬ್ರೋಕರ್‌ಗಳು ಈಗಲೇ ಇದ್ದಾರೆ. ಗೇಟಿನ ಹೊರಗೆ ಟೀ ಅಂಗಡಿ ಹತ್ತಿರ ನಿಂತು, ಸಾಹೇಬರು ನಮಗೆ ಗೊತ್ತು, 5,000 ಕೊಡಿ ಮಗ ನಾಳೆ ಮನೆಗೆ ಬರುತ್ತಾನೆ ಅನ್ನುತ್ತಾರೆ. ಕೊಟ್ಟು ಮೋಸ ಹೋದವರ ಕಣ್ಣೀರು ನಾನು ಒರೆಸಿದ್ದೇನೆ. ಸಮಿತಿಯಲ್ಲಿ ಒಂದು ಪೈಸೆ ಶುಲ್ಕ ಇಲ್ಲ ಅಂತ ಹೇಳುವ ಒಬ್ಬಳು ಆ ಬೆಂಚಿನ ಮೇಲೆ ಕೂತರೆ ಟೀ ಅಂಗಡಿಯವರ ವ್ಯಾಪಾರ ಕಡಿಮೆ ಆಗುತ್ತದೆ, ಅಷ್ಟೇ. ಮತ್ತೆ ನಮಗೂ ಕಟ್ಟುಪಾಡು ಹಾಕಿ. ವಿಚಾರಣೆಯಲ್ಲಿ ನಾವು ಬಾಯಿ ಹಾಕಬಾರದು. ಮಗುವಿಗೂ ಮನೆಯವರಿಗೂ ನಡುವೆ ಸುದ್ದಿ ಸಾಗಿಸಬಾರದು. ಮನೆಯವರ ಮೇಲೇ ದೌರ್ಜನ್ಯದ ಆರೋಪ ಇದ್ದರೆ ನಾವು ದೂರ ಇರಬೇಕು. ಇವನ್ನೆಲ್ಲ ನಾವೇ ಪಾಲಿಸುತ್ತಿದ್ದೇವೆ, ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ ಆಗಿರಬೇಕು ಅಂತ ಬಾಲನ್ಯಾಯ ಕಾಯ್ದೆಯ ಮೂರನೇ ಕಲಮಿನಲ್ಲೇ ಬರೆದಿದ್ದಾರೆ. 2015ರ ಕಾಯ್ದೆ. ನನ್ನ ಜೆರಾಕ್ಸ್ ಪ್ರತಿಯಲ್ಲಿ ಆ ಸಾಲಿಗೆ ಹೊಲಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟಿದ್ದೆ, ಅದು ಅಳಿಸಿಹೋಗಿ ಆಮೇಲೆ ಮಗ ತನ್ನ ಕೆಂಪು ಪೆನ್ನಿನಲ್ಲಿ ಮತ್ತೆ ಹಾಕಿಕೊಟ್ಟ. ಅವನು ಈಗ ಶಾಲೆಗೆ ಸರಿಯಾಗಿ ಹೋಗುತ್ತಿದ್ದಾನೆ. ಲೆಕ್ಕದಲ್ಲಿ ವೀಕು. ರಜೆಯಲ್ಲಿ ಗ್ಯಾರೇಜಿನ ಕಡೆ ಕಣ್ಣು ಹಾಯಿಸುತ್ತಾನೆ, ಐಟಿಐ ಮಾಡು, ಆಮೇಲೆ ಬೇಕಾದರೆ ನಿನ್ನದೇ ಗ್ಯಾರೇಜ್ ಇಡು ಅಂದಿದ್ದೇನೆ.

ಸಂಪಾದಕರೇ, ಒಂದು ವಿನಂತಿ. ಪತ್ರ ಹಾಕಿದರೆ ನನ್ನ ಹೆಸರು, ಊರು ಹಾಕಬೇಡಿ. ನನಗೆ ನಾಚಿಕೆ ಅಂತಲ್ಲ. ಸಮಿತಿಯ ಮುಂದೆ ಬಂದ ಮಗುವಿನ ಗುರುತು ಪತ್ರಿಕೆಯಲ್ಲಿ ಬಂದರೆ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡು ಲಕ್ಷದವರೆಗೆ ದಂಡ, ಅದು 74ನೇ ಕಲಂ, ನಿಮಗೆ ಗೊತ್ತಿರುತ್ತದೆ. ಮೇಲೆ ಹೇಳಿದ ಮಕ್ಕಳ ವಿಷಯದಲ್ಲೂ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿದ್ದೇನೆ. ನನ್ನ ವಿಳಾಸ ಬೇರೆ ಹಾಳೆಯಲ್ಲಿದೆ, ನಿಮ್ಮ ಹತ್ತಿರ ಮಾತ್ರ ಇರಲಿ. ಯಾರಾದರೂ ಅಧಿಕಾರಿಗಳು ಕೇಳಿದರೆ ಕೊಡಿ. ಮಂಗಳವಾರ ಮಾತ್ರ ಮನೆಯಲ್ಲಿ ಸಿಗುವುದಿಲ್ಲ, ಅವತ್ತು ಬೆಂಚಿನ ದಿನ.

ಇಂತಿ,
ಒಬ್ಬ ತಾಯಿ